ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿದರೆ ಎಸ್ಟಿಮೇಟ್‌ಗಾಗಿ ಕಾಯುತ್ತ ಕೂರಬೇಡಿ

ಲ್ಯಾಪ್‌ಟಾಪ್ ಮೇಲೆ ಕಾಫಿ, ಚಹಾ, ನೀರು ಏನೇ ಚೆಲ್ಲಿರಲಿ, ಅದನ್ನು ರಿಪೇರಿಗೆ ಒಪ್ಪಿಸುವ ಮೊದಲು ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿ: “ಇವತ್ತೇ ಬಿಚ್ಚಿ, ಬ್ಯಾಟರಿ ತೆಗೆದು, ಒಳಗಿನ ಮದರ್‌ಬೋರ್ಡ್ ತೊಳೆಯುತ್ತೀರಾ?” ಹೌದು ಎನ್ನದಿದ್ದರೆ ಅಲ್ಲಿ ಬಿಟ್ಟು ಬರಬೇಡಿ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು ಮನೆಯವರು ಹೀಗೆ ದುಡ್ಡು ಕಳೆದುಕೊಳ್ಳಬಾರದು ಎಂದು ಬರೆಯುತ್ತಿದ್ದೇನೆ.

ನನ್ನ ತಂಗಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಹಾಸ್ಟೆಲ್‌ನಲ್ಲಿ ಗೆಳತಿಯ ಕೈ ತಗುಲಿ ಲೋಟದ ಕಾಫಿ ಕೀಬೋರ್ಡ್ ಮೇಲೆ ಉರುಳಿತು. ತಂಗಿ ತಕ್ಷಣ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮಗುಚಿ ಹಾಕಿದಳು. ಮತ್ತೆ ಆನ್ ಮಾಡಿ ನೋಡುವ ಗೋಜಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋದೆವು. ಒಳಗೆ ದ್ರವ ಇಳಿದಿದ್ದರೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಅದು ನಮಗೂ ಗೊತ್ತಿತ್ತು. ಪರಿಶೀಲನಾ ಶುಲ್ಕ ಕಟ್ಟಿಸಿಕೊಂಡು, ಚೀಟಿ ಅಂಟಿಸಿ, ಹಿಂದಿನ ಕಪಾಟಿನಲ್ಲಿಟ್ಟರು. ಫೋನ್ ಮಾಡಿದಾಗಲೆಲ್ಲ “ಎಸ್ಟಿಮೇಟ್ ಬರಬೇಕು” ಎಂಬುದೇ ಉತ್ತರ. ವಾರ ಕಳೆದ ಮೇಲೆ ಬಂತು: ಮದರ್‌ಬೋರ್ಡ್, ಕೀಬೋರ್ಡ್ ಇರುವ ಮೇಲಿನ ಕವಚ, ಬ್ಯಾಟರಿ, ಕೂಲಿ, ಶೇ 18 ಜಿಎಸ್‌ಟಿ, ಎಲ್ಲ ಸೇರಿ 47 ಸಾವಿರ ರೂಪಾಯಿ. ಹೊಸದಾಗಿ ಕೊಂಡಾಗ ಅದರ ಬೆಲೆ 60 ಸಾವಿರ.

ಬೇಡವೆಂದು ಹಿಂದಕ್ಕೆ ಪಡೆದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಪ್ ಲೆವೆಲ್ ಕೆಲಸ, ಅಂದರೆ ಇಡೀ ಬೋರ್ಡ್ ಬದಲಿಸದೆ ಕೆಟ್ಟ ಬಿಡಿಭಾಗವನ್ನಷ್ಟೇ ರಿಪೇರಿ ಮಾಡುವವರೊಬ್ಬರ ಬಳಿ ಒಯ್ದೆವು. ಅವರು ನಮ್ಮೆದುರಿಗೇ ತಳದ ಕವಚ ಬಿಚ್ಚಿದರು. ಬ್ಯಾಟರಿಯ ಕನೆಕ್ಟರ್ ಇನ್ನೂ ಬೋರ್ಡಿಗೆ ಸಿಕ್ಕಿಸಿದಂತೆಯೇ ಇತ್ತು. ಕಾಫಿ ಕಂದು ಅಂಟಾಗಿ ಒಣಗಿತ್ತು. ಮೈಕ್ರೋಸ್ಕೋಪ್‌ನಲ್ಲಿ ಇಣುಕಿ ನೋಡಲು ಹೇಳಿದರು: ಚಾರ್ಜಿಂಗ್ ನೋಡಿಕೊಳ್ಳುವ ಐಸಿಯ (ಚಿಪ್‌ನ) ಸುತ್ತ ಹಸಿರು ಕಿಲುಬು ಹಿಡಿದಿತ್ತು. ಚಿಮಟದ ತುದಿ ತಾಗಿದ್ದೇ ತಡ, ಪಕ್ಕದ ಸಣ್ಣ ಕೆಪಾಸಿಟರ್ ಕಳಚಿ ಬಂತು. ತಂಗಿಯ ಕಣ್ಣಲ್ಲಿ ನೀರು.

ಲ್ಯಾಪ್‌ಟಾಪ್ ಆರಿಸಿದರೂ ಬ್ಯಾಟರಿ ಜೋಡಿಸಿರುವ ತನಕ ಬೋರ್ಡಿನ ಕೆಲವು ಭಾಗಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಅಲ್ಲಿ ಒದ್ದೆ ಸೇರಿದರೆ ತಾಮ್ರ ಬಹುಬೇಗ ಸವೆದು ಕಿಲುಬಾಗುತ್ತದೆ. ಬರೀ ನೀರಿಗಿಂತ ಹಾಲು, ಸಕ್ಕರೆ ಬೆರೆತ ಕಾಫಿ ಕೆಟ್ಟದ್ದು. ನೀರಿನಂಶ ಆರಿದರೂ ಅದರ ಅಂಟು ಉಳಿದು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರೆ ಈ ಅಂಟು ಹೋಗುವುದಿಲ್ಲ. ಹೇರ್ ಡ್ರೈಯರ್ ಊದಿದರೆ ದ್ರವ ಇನ್ನಷ್ಟು ಒಳಕ್ಕೆ ಸರಿಯಬಹುದು. ಬಿಚ್ಚಬೇಕು, ಬ್ಯಾಟರಿ ತೆಗೆಯಬೇಕು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಬೇರೆ ಅಡ್ಡದಾರಿ ಇಲ್ಲ.

ಸರ್ವಿಸ್ ಸೆಂಟರ್‌ನವರು ಬಿಡಿ ಐಸಿ ಬದಲಿಸದೆ ಇಡೀ ಬೋರ್ಡನ್ನೇ ಬದಲಿಸುತ್ತಾರೆ, ಅದು ಅವರ ಪದ್ಧತಿ, ಒಪ್ಪೋಣ. ಕೀಬೋರ್ಡ್ ಮಾತೂ ಅಷ್ಟೇ: ಈಗಿನ ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಪ್ಲಾಸ್ಟಿಕ್ ಕರಗಿಸಿ ಕವಚಕ್ಕೇ ಕೂರಿಸಿರುವುದರಿಂದ ಇಡೀ ಕವಚಕ್ಕೆ ಬೆಲೆ ಹಾಕುತ್ತಾರೆ; ಹೊರಗಿನ ಅಂಗಡಿಗಳಲ್ಲಿ ಕಿತ್ತು ಕೀಬೋರ್ಡನ್ನಷ್ಟೇ ಹಾಕಿಕೊಡುವವರಿದ್ದಾರೆ. ಆದರೆ ಕಾಫಿ ಬಿದ್ದಿದೆ ಎಂದು ತಿಳಿದೂ ಬ್ಯಾಟರಿಯ ಕನೆಕ್ಟರ್ ಕೀಳದೆ ವಾರವಿಡೀ ಕಪಾಟಿನಲ್ಲಿಡುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಕೆಲವು ಸ್ಕ್ರೂ ಬಿಚ್ಚಿ ಮಾಡಬಹುದಾದ ಕೆಲಸವದು. ಅದಕ್ಕೂ ಸಮಯವಿಲ್ಲದಿದ್ದರೆ ಶುಲ್ಕ ಯಾವುದರ ಪರಿಶೀಲನೆಗೆ?

ಕೊನೆಗೆ ತೊಳೆದು, ಐಸಿ ಮತ್ತು ಚಿಲ್ಲರೆ ಬಿಡಿಭಾಗ ಬದಲಿಸಿ, ಹೊಸ ಕೀಬೋರ್ಡ್ ಹಾಕಿಸಿದ್ದಕ್ಕೆ ಒಂಬತ್ತೂವರೆ ಸಾವಿರ ಆಯಿತು. ಎಡಬದಿಯ ಯುಎಸ್‌ಬಿ ಪೋರ್ಟ್ ಮರಳಿ ಬರಲಿಲ್ಲ. ಮೊದಲ ದಿನವೇ ಬಂದಿದ್ದರೆ ಬೋರ್ಡ್ ತೊಳೆಯುವ ಖರ್ಚು ಮತ್ತು ಕೀಬೋರ್ಡಿನಲ್ಲೇ ಮುಗಿಯುತ್ತಿತ್ತು ಎಂದರು ರಿಪೇರಿಯವರು.

ನೀವು ಎಲ್ಲಿಗೇ ಒಯ್ಯಿರಿ, ಅವರು ಕೊಡುವ ಜಾಬ್ ಶೀಟ್ (ರಿಪೇರಿ ಚೀಟಿ) ಮೇಲೆ ತಾರೀಖಿನೊಂದಿಗೆ “ಬ್ಯಾಟರಿ ಬೇರ್ಪಡಿಸಲಾಗಿದೆ” ಎಂದು ಬರೆಸಿಕೊಳ್ಳಿ. ನಿಮ್ಮ ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿಯನ್ನು ಬಿಚ್ಚಿ ಕೊಡಲು ಹೇಳಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಒಂದೇ ಸ್ಕ್ರೂನಲ್ಲಿ ನಿಂತಿರುತ್ತದೆ. ನಮ್ಮ ಜಾಬ್ ಶೀಟ್‌ನ ತಳದಲ್ಲಿ, ಡೇಟಾ ಹೋದರೆ ತಾವು ಹೊಣೆಯಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು, ತಂಗಿಯ ಪ್ರಾಜೆಕ್ಟ್ ಎಲ್ಲವೂ ಆ ಎಸ್‌ಎಸ್‌ಡಿಯಲ್ಲೇ ಇತ್ತು. ಹೊಸದು ಕೊಳ್ಳುವವರು ವಾರಂಟಿ ವಿಸ್ತರಣೆಯನ್ನೂ ಆಕಸ್ಮಿಕ ಹಾನಿಯ ಯೋಜನೆಯನ್ನೂ ಒಂದೇ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಮೊದಲನೆಯದರಲ್ಲಿ ದ್ರವದ ಹಾನಿ ಸೇರುವುದಿಲ್ಲ. ಹಣ ಕೊಡುವ ಮುನ್ನವೇ ನಿಬಂಧನೆಗಳಲ್ಲಿ ಅದು ಇದೆಯೇ ಎಂದು ಓದಿ ನೋಡಿ.

ಪರಿಶೀಲನಾ ಶುಲ್ಕ ವಾಪಸ್ ಕೊಡಿಸಿ ಎಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ರಸೀದಿ, ಜಾಬ್ ಶೀಟ್, ಬೋರ್ಡಿನ ಫೋಟೊ ಎಲ್ಲವನ್ನೂ ತೆಗೆದಿಟ್ಟುಕೊಂಡಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.