ಸರ್ವರ್ ಫ್ಯಾನಿನ ಗದ್ದಲಕ್ಕೆ ಐಪಿಎಂಐಟೂಲ್: ಆರು ತಿಂಗಳ ಬಳಕೆಯ ನಂತರ

ಕಚೇರಿಯ ಕಡತಗಳಿಗೂ ಬ್ಯಾಕಪ್ಪಿಗೂ ಇರಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ 2ಯು (ಸುಮಾರು ಮೂರೂವರೆ ಅಂಗುಲ ಎತ್ತರದ) ಸರ್ವರ್ ಮೊದಲ ವಾರ ತಕ್ಕಮಟ್ಟಿಗೆ ಸುಮ್ಮನಿತ್ತು. ಬೇರೊಂದು ಕಂಪನಿಯ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡನ್ನು ಅದಕ್ಕೆ ಹಾಕಿದ ದಿನದಿಂದ ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗಿತು. ಪಕ್ಕದ ಕೋಣೆಯವರು ಫೋನ್ ಬಂದರೆ ಎದ್ದು ವರಾಂಡಕ್ಕೆ ಹೋಗಬೇಕಾಗುತ್ತಿತ್ತು. ಇದಕ್ಕೆ ನಾನು ಎರಡು ಉಪಾಯ ಮಾಡಿದೆ: ಮೊದಲು ಸದ್ದು ಕಡಿಮೆಯ ಫ್ಯಾನುಗಳನ್ನು ಕೊಂಡು ಹಾಕಿದೆ, ಆಮೇಲೆ ಐಪಿಎಂಐಟೂಲ್ ಎಂಬ ಉಚಿತ ತಂತ್ರಾಂಶದ ಮೊರೆ ಹೋದೆ. ಮೊದಲನೆಯದಕ್ಕೆ ಕೊಟ್ಟ ಹಣ ದಂಡವಾಯಿತು. ಎರಡನೆಯದು ಇಂದಿಗೂ ಕೆಲಸ ಮಾಡುತ್ತಿದೆ.

ಗದ್ದಲದ ಕಾರಣ ತಿಳಿದ ಮೇಲೆ ಸರ್ವರಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಸರ್ವರಿನೊಳಗೆ ಬಿಎಂಸಿ ಎಂಬ ಪ್ರತ್ಯೇಕ ಪುಟ್ಟ ನಿಯಂತ್ರಕವಿದ್ದು, ಪ್ರೊಸೆಸರ್, ಮೆಮೊರಿ, ಒಳಬರುವ ಗಾಳಿ ಇವುಗಳ ಉಷ್ಣತೆಯನ್ನು ನೋಡಿ ಫ್ಯಾನಿನ ವೇಗವನ್ನು ಅದೇ ನಿರ್ಧರಿಸುತ್ತದೆ. ನಾನು ಹಾಕಿದ ಕಾರ್ಡು ತನ್ನ ಉಷ್ಣತೆಯನ್ನು ಬಿಎಂಸಿಗೆ ತಿಳಿಸುವುದಿಲ್ಲ, ಬಿಸಿಯನ್ನು ಹೊರಹಾಕುವ ಅದರ ಲೋಹದ ಹೀಟ್‌ಸಿಂಕಿಗೆ ಸ್ವಂತ ಫ್ಯಾನೂ ಇಲ್ಲ. ಹೀಗಾಗಿ ಬಿಎಂಸಿ, ಅತಿಥಿಯ ಹಸಿವು ಎಷ್ಟೆಂದು ಕೇಳಲಾಗದೆ ಎಲೆ ತುಂಬ ಬಡಿಸುವವರಂತೆ, ಅತಿ ಹೆಚ್ಚು ಬಿಸಿಯಾಗುವ ಕಾರ್ಡಿಗೆ ಬೇಕಾಗುವಷ್ಟು ಗಾಳಿಯನ್ನು ಹಗಲಿರುಳು ಬೀಸುತ್ತಿತ್ತು.

ಹೊಸ ಫ್ಯಾನುಗಳ ಕಥೆ ಚಿಕ್ಕದು. ಮೂಲ ಫ್ಯಾನುಗಳು 38 ಮಿ.ಮೀ. ದಪ್ಪದವು, ನಾನು ತಂದವು 25 ಮಿ.ಮೀ. ದಪ್ಪದವು. ಒತ್ತೊತ್ತಾಗಿ ಜೋಡಿಸಿದ ಡಿಸ್ಕುಗಳ ಸಂದಿಯಿಂದ ಗಾಳಿಯನ್ನು ಎಳೆದು ಹಿಂದಕ್ಕೆ ದೂಡುವಷ್ಟು ಒತ್ತಡ ಅವುಗಳಿಗೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವು ಸಹಜವಾಗಿ ತಿರುಗುವ ನಿಧಾನದ ವೇಗವನ್ನೇ ಬಿಎಂಸಿ 'ಫ್ಯಾನ್ ಕೆಟ್ಟಿದೆ' ಎಂದು ಓದಿಕೊಂಡು ಎಲ್ಲವನ್ನೂ ಪೂರ್ಣ ವೇಗಕ್ಕೆ ಏರಿಸುತ್ತಿತ್ತು. ವೇಗ ಏರಿದೊಡನೆ ಸರಿಹೋಯಿತೆಂದು ಇಳಿಸುತ್ತಿತ್ತು. ಇಳಿದೊಡನೆ ಮತ್ತೆ ಗಾಬರಿಯಾಗುತ್ತಿತ್ತು. ಒಂದೇ ಸಮನೆ ಇರುವ ಸದ್ದಿಗಿಂತ ನಿಮಿಷಕ್ಕೊಮ್ಮೆ ಏರಿ ಇಳಿಯುವ ಈ ಸದ್ದು ಹೆಚ್ಚು ಹಿಂಸೆ. ಸಂಜೆಯೊಳಗೆ ಮೂಲ ಫ್ಯಾನುಗಳನ್ನೇ ಮರಳಿ ಕೂರಿಸಿದೆ.

ಐಪಿಎಂಐ ಎನ್ನುವುದು 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ ರೂಪಿಸಿದ ನಿರ್ವಹಣಾ ಮಾನದಂಡ, ಅದರ 2.0 ಆವೃತ್ತಿ 2004ರಲ್ಲಿ ಬಂದಿತು. ಐಪಿಎಂಐಟೂಲ್ ಆ ಭಾಷೆಯಲ್ಲಿ ಬಿಎಂಸಿಯೊಡನೆ ಮಾತನಾಡುವ ಕಮಾಂಡ್ ಸಾಲಿನ ಸಾಧನ. ಸೆನ್ಸರುಗಳನ್ನು ಓದುವ ಅದರ ಭಾಗ ಅಚ್ಚುಕಟ್ಟಾಗಿದೆ: ಒಂದೇ ಆಜ್ಞೆಗೆ ಆರೂ ಫ್ಯಾನುಗಳ ವೇಗ, ಎಲ್ಲ ಉಷ್ಣತೆಗಳು, ಪ್ರತಿಯೊಂದರ ಎಚ್ಚರಿಕೆಯ ಮಿತಿ ಸಾಲಾಗಿ ಬರುತ್ತವೆ. ಫ್ಯಾನಿನ ವೇಗವನ್ನು ಬದಲಿಸುವ ಭಾಗ ಅಷ್ಟು ಸಲೀಸಲ್ಲ. ಅದು ಮಾನದಂಡದೊಳಗೆ ಇಲ್ಲದ, ಆಯಾ ತಯಾರಕರು ತಮ್ಮಷ್ಟಕ್ಕೆ ಇಟ್ಟುಕೊಂಡ ಕಚ್ಚಾ ಸಂಕೇತಗಳ ಮೂಲಕ ನಡೆಯುವುದರಿಂದ, ಒಂದು ಕಂಪನಿಯ ಸರ್ವರಿಗೆ ಹೊಂದುವ ಸಂಕೇತ ಇನ್ನೊಂದರಲ್ಲಿ ಬೇರೆಯದೇ ಅರ್ಥ ಕೊಡಬಹುದು. ಅಂಕಿಗಳೂ ಹದಿನಾರರ ಪದ್ಧತಿಯವು, ಅಂದರೆ ಅಲ್ಲಿನ 10 ನಮ್ಮ 16. ಮೊದಲ ದಿನ ಶೇಕಡಾ 20 ಬೇಕೆಂದು 20 ಎಂದೇ ಬರೆದು, ಫ್ಯಾನು ಶೇಕಡಾ 32ರಲ್ಲಿ ಏಕೆ ಓಡುತ್ತಿದೆ ಎಂದು ತಲೆ ಕೆರೆದುಕೊಂಡೆ, ಬರೆಯಬೇಕಾಗಿದ್ದುದು 14.

ಈಗ ನಿಜವಾದ ಅಗತ್ಯ ಎಷ್ಟೆಂದು ಅಳೆಯುವ ಕೆಲಸ. ಪ್ರೊಸೆಸರಿನ ಉಷ್ಣತೆಯೊಂದನ್ನೇ ನೋಡಿ ವೇಗ ಇಳಿಸುವವರು ಇಲ್ಲಿಯೇ ಎಡವುತ್ತಾರೆ, ಏಕೆಂದರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲದು. ಸೊಲ್ಲೆತ್ತದೆ ಸುಡುವುದು ಸೆನ್ಸರಿಲ್ಲದ ಕಾರ್ಡು. ಮಲ್ಟಿಮೀಟರಿನ ಉಷ್ಣತಾ ತಂತಿಯನ್ನು ಕಾರ್ಡಿನ ಹೀಟ್‌ಸಿಂಕಿಗೆ ಅಂಟಿಸಿ, ಸರ್ವರಿಗೆ ಪೂರ್ಣ ಹೊರೆ ಕೊಟ್ಟು, ವೇಗವನ್ನು ಶೇಕಡಾ 5ರಂತೆ ಇಳಿಸುತ್ತ, ಪ್ರತಿ ಹಂತದಲ್ಲೂ ಅರ್ಧ ಗಂಟೆ ಕಾದು ಬರೆದುಕೊಂಡೆ. ಡಿಸ್ಕು 45 ಡಿಗ್ರಿ ಮೀರಬಾರದೆಂಬುದು ನನ್ನದೇ ಮಿತಿ. ನಡುವೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಖಾಲಿ ಡಿಸ್ಕ್ ಗೂಡುಗಳಿಗೆ ಇರಬೇಕಾದ ಮುಚ್ಚಳಗಳು ಇರಲಿಲ್ಲ, ಗಾಳಿಯೆಲ್ಲ ಆ ಸಲೀಸು ದಾರಿಯಲ್ಲೇ ನುಗ್ಗುತ್ತಿತ್ತು. ದಪ್ಪನೆಯ ಮದುವೆ ಆಮಂತ್ರಣ ಪತ್ರಿಕೆಗಳನ್ನು ಅಳತೆಗೆ ಕತ್ತರಿಸಿ ತಾತ್ಕಾಲಿಕವಾಗಿ ಮುಚ್ಚಿದಾಗ ಅದೇ ವೇಗದಲ್ಲಿ ಡಿಸ್ಕುಗಳು 4 ಡಿಗ್ರಿ ತಣ್ಣಗಾದವು. ಈಗ ಅಲ್ಲಿ ಸರಿಯಾದ ಮುಚ್ಚಳಗಳಿವೆ.

ಕೊನೆಗೆ ನಿಮಿಷಕ್ಕೆ 9,600 ಸುತ್ತು ತಿರುಗುತ್ತಿದ್ದ ಫ್ಯಾನುಗಳು 4,200ಕ್ಕೆ ಬಂದು ನಿಂತವು. ಫ್ಯಾನು ದೂಡುವ ಗಾಳಿ ವೇಗದೊಡನೆ ಸಮನಾಗಿ ಇಳಿದರೆ, ಅದು ಬಳಸುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. ವೇಗ ಅರ್ಧವಾದರೆ ವಿದ್ಯುತ್ತು ಎಂಟನೇ ಒಂದು ಭಾಗ ಸಾಕು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಮೀಟರಿನಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ, 178 ವ್ಯಾಟ್ ಇದ್ದದ್ದು 130 ಆಯಿತು. ತಿಂಗಳಿಗೆ ಸುಮಾರು 35 ಯೂನಿಟ್ ಉಳಿತಾಯ. ನಾನು ಹುಡುಕಿಕೊಂಡು ಹೊರಟಿದ್ದು ಮೌನವನ್ನು, ಬಿಲ್ಲಿನ ಲಾಭ ತಾನಾಗಿ ಬಂದಿತು.

ಒಂದು ಅಪಾಯವನ್ನು ಹೇಳಲೇಬೇಕು. ಕೈಯಿಂದ ವೇಗ ನಿಗದಿ ಮಾಡಿದ ಕ್ಷಣದಿಂದ ನನ್ನ ಸರ್ವರಿನ ಬಿಎಂಸಿ ಉಷ್ಣತೆ ಎಷ್ಟೇ ಏರಿದರೂ ಫ್ಯಾನನ್ನು ಮುಟ್ಟುವುದಿಲ್ಲ. ಆದ್ದರಿಂದ ಒಂದೇ ಅಂಕಿಯನ್ನು ಬರೆದು ಮರೆತುಬಿಡುವುದು ಸಲ್ಲದು. ಪ್ರತಿ 30 ಸೆಕೆಂಡಿಗೊಮ್ಮೆ ಉಷ್ಣತೆ ಓದಿ, ಮಿತಿ ಮೀರಿದರೆ ಅಥವಾ ಸತತ ಮೂರು ಸಲ ಓದಲಾಗದಿದ್ದರೆ ಸ್ವಯಂಚಾಲನೆಗೆ ಮರಳಿಸುವ ಪುಟ್ಟ ಸ್ಕ್ರಿಪ್ಟನ್ನು ಬರೆದಿಟ್ಟಿದ್ದೇನೆ; ಸ್ಕ್ರಿಪ್ಟು ನಿಂತುಹೋದರೂ ಅದೇ ಆಜ್ಞೆ ಹೋಗುವಂತೆ ಕಟ್ಟಿದ್ದೇನೆ. ಇಡೀ ಯಂತ್ರವೇ ಸ್ತಬ್ಧವಾದರೆ ಇದೂ ಸಾಲದು ಎಂದು, ಹೊರಗಿನ ಇನ್ನೊಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಕಾವಲು ಇಟ್ಟಿದ್ದೇನೆ. ಸರ್ವರ್ ಕೋಣೆಗಳಿಗೆ ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆ ಶಿಫಾರಸು ಮಾಡುವ ಒಳಗಾಳಿ 18ರಿಂದ 27 ಡಿಗ್ರಿ; ಏಸಿ ಇಲ್ಲದ ನಮ್ಮ ಕೋಣೆ ಏಪ್ರಿಲ್ ಮಧ್ಯಾಹ್ನ 34 ಮುಟ್ಟಿದಾಗ ಈ ಸ್ಕ್ರಿಪ್ಟು ಎರಡು ಸಲ ಫ್ಯಾನುಗಳನ್ನು ಸ್ವಯಂಚಾಲನೆಗೆ ಬಿಟ್ಟುಕೊಟ್ಟಿತು. ಆ ಎರಡು ಮಧ್ಯಾಹ್ನ ಗಿರಣಿಯ ಸದ್ದು ಕೇಳಿ ಯಾರೂ ದೂರಲಿಲ್ಲ.

ಲಿನಕ್ಸ್ ಕಮಾಂಡ್ ಸಾಲಿನ ರೂಢಿಯಿದ್ದು, ಅಳೆಯಲು ಒಂದು ಭಾನುವಾರ ಮೀಸಲಿಡಬಲ್ಲವರಿಗೆ ಐಪಿಎಂಐಟೂಲನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ವಾರಂಟಿಯಲ್ಲಿರುವ ಹೊಸ ಸರ್ವರಿನ ಮೇಲೆ ಇದನ್ನು ಪ್ರಯೋಗಿಸಲು ನಾನು ಕೈಹಾಕಲಾರೆ.