ಬಾಗಿಲು ಎಲ್ಲಿದೆ ಅಂತ ಗೊತ್ತಾಗಬೇಕು: ಈ ಮಳೆಗಾಲದಲ್ಲಿ ನೋಡಿದ ಸಿನಿಮಾಗಳು

ನಾನು ಶಿವಮೊಗ್ಗದಲ್ಲಿ ಮನೆ ನಕ್ಷೆ ಬರೆಯುವವನು. ಮಳೆ ಹಿಡಿಯಿತು ಅಂದರೆ ಪಾಯ ತೆಗೆದ ಸೈಟುಗಳಲ್ಲೆಲ್ಲ ನೀರು ನಿಲ್ಲುತ್ತದೆ, ಕೆಲಸ ಅರ್ಧಕ್ಕೆ ಇಳಿಯುತ್ತದೆ. ಈ ಸಲ ಆ ಬಿಡುವಿನಲ್ಲಿ ರಾತ್ರಿ ಊಟ ಮುಗಿಸಿ ಆಕ್ಷನ್, ಥ್ರಿಲ್ಲರ್ ಸಿನಿಮಾಗಳನ್ನೇ ನೋಡಿದೆ. ಕೆಲವು ಮೊದಲ ಸಲ, ಒಂದೆರಡು ಎರಡನೇ ಸಲ.

ಸಿನಿಮಾ ಮುಗಿದ ಮೇಲೆ ನಾನೊಂದು ಕೆಲಸ ಮಾಡುತ್ತೇನೆ. ಹಳೆ ಡ್ರಾಯಿಂಗ್ ಶೀಟಿನ ಹಿಂಬದಿಯಲ್ಲಿ, ಕಥೆ ನಡೆದ ಜಾಗದ ನಕ್ಷೆಯನ್ನು ನೆನಪಿನಿಂದ ಬರೆಯುತ್ತೇನೆ. ಬಾಗಿಲು ಎಲ್ಲಿತ್ತು, ಕಿಟಕಿ ಯಾವ ಕಡೆ, ಹೀರೊ ಎಲ್ಲಿ ನಿಂತಿದ್ದ, ಕೊಲ್ಲಲು ಬಂದವನು ಯಾವ ಕಡೆಯಿಂದ ಬಂದ. ಬರೆಯಲು ಬಂದರೆ ಆ ಸಿನಿಮಾ ನನ್ನನ್ನು ಹಿಡಿದು ಕೂರಿಸಿತ್ತು ಅಂತಲೇ ಅರ್ಥ. ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದರೆ ತಾನೆ, ಆ ಬಾಗಿಲು ತಟ್ಟಿದಾಗ ಎದೆ ಧಸಕ್ಕೆನ್ನುವುದು?

ಮೊದಲು ‘ಕಿಲ್’. ನಿಖಿಲ್ ನಾಗೇಶ್ ಭಟ್ ನಿರ್ದೇಶನದ ಹಿಂದಿ ಚಿತ್ರ, 2024ರ ಜುಲೈನಲ್ಲಿ ಬಂತು. ರಾಂಚಿಯಿಂದ ದಿಲ್ಲಿಗೆ ಹೊರಟ ರಾತ್ರಿ ರೈಲು. ಅದರಲ್ಲಿ ಒಬ್ಬ ಎನ್‌ಎಸ್‌ಜಿ ಕಮಾಂಡೊ, ಅವನು ಪ್ರೀತಿಸಿದ ಹುಡುಗಿ, ಅವಳ ಮನೆಯವರು. ಅದೇ ರೈಲಿಗೆ ಡಕಾಯಿತರ ಗುಂಪೊಂದು ಹತ್ತುತ್ತದೆ. ಕಥೆ ಇಷ್ಟೇ. ಒಂದು ಗಂಟೆ ಮುಕ್ಕಾಲಿನಲ್ಲಿ ಸಿನಿಮಾ ಮುಗಿಯುತ್ತದೆ.

ಇದರ ನಕ್ಷೆ ಬರೆಯುವುದು ಸುಲಭ. ಉದ್ದಕ್ಕೆ ಎರಡು ಗೆರೆ ಎಳೆದರೆ ಆಯಿತು. ಆದರೆ ಆ ಎರಡು ಗೆರೆಗಳ ನಡುವಿನ ಜಾಗವನ್ನು ಇವರು ಬಳಸಿಕೊಂಡ ರೀತಿ ನೋಡಬೇಕು. ನಾನು ಬೆಂಗಳೂರಿಗೆ ರಾತ್ರಿ ರೈಲಿನಲ್ಲೇ ಹೋಗಿ ಬರುವವನು. ಬೋಗಿಯ ಓಣಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಸೀಟಿನ ಕಡೆ ಸರಿಯಲೇಬೇಕು. ಬ್ಯಾಗ್ ಹಿಡಿದಿದ್ದರೆ ಅದೂ ಆಗುವುದಿಲ್ಲ. ಅಂಥ ಜಾಗದಲ್ಲಿ ಕೈ ಬೀಸಿ ಹೊಡೆಯಲು ಆಗುವುದೇ ಇಲ್ಲ. ಹಾಗಾಗಿ ಇಲ್ಲಿ ಯಾರೂ ಗಾಳಿಯಲ್ಲಿ ಹಾರುವುದಿಲ್ಲ. ಮೊಣಕೈ, ಮೊಣಕಾಲು, ಸಣ್ಣ ಚಾಕು, ಕೈಗೆ ಸಿಕ್ಕಿದ ವಸ್ತು. ಬೋಗಿಯ ಬೆಂಕಿ ಆರಿಸುವ ಸಿಲಿಂಡರ್ ಕೂಡ ಆಯುಧವಾಗುತ್ತದೆ. ಮೇಲಿನ ಬರ್ತಿನಲ್ಲಿ ಮಲಗಿದ್ದ ಜನ, ಪರದೆ, ಟಾಯ್ಲೆಟ್ ಬಾಗಿಲು ಎಲ್ಲಕ್ಕೂ ಕೆಲಸ ಇದೆ.

ಚಿತ್ರದ ಹೆಸರು ತೆರೆಯ ಮೇಲೆ ಬರುವುದೇ ಸುಮಾರು ಮುಕ್ಕಾಲು ಗಂಟೆ ಆದಮೇಲೆ. ಅಲ್ಲಿಯವರೆಗೆ ಹುಡುಗ ಜನರನ್ನು ಕಾಪಾಡಲು ಹೊಡೆಯುತ್ತಿರುತ್ತಾನೆ. ಹೆಸರು ಬಂದಮೇಲೆ ಅವನು ಬೇರೆಯೇ ಮನುಷ್ಯ. ಏನಾಯಿತು ಅಂತ ಹೇಳುವುದಿಲ್ಲ. ಆದರೆ ಆ ಹೆಸರು ಬಿದ್ದಾಗ ನಾನು ಸೋಫಾ ಬಿಟ್ಟು ಎದ್ದು ನಿಂತಿದ್ದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಡಕಾಯಿತರು ಅಳುವುದು. ಅವರೆಲ್ಲ ಒಂದೇ ಬಳಗದವರು. ಅಪ್ಪ, ಮಗ, ಚಿಕ್ಕಪ್ಪ, ದೊಡ್ಡಪ್ಪ. ಒಬ್ಬ ಸತ್ತರೆ ಉಳಿದವರು ಅವನ ಹೆಣ ತಬ್ಬಿಕೊಂಡು ಗೋಳಾಡುತ್ತಾರೆ. ಎಷ್ಟು ಆಕ್ಷನ್ ಸಿನಿಮಾದಲ್ಲಿ ಖಳನ ಕಡೆಯವನು ಸತ್ತಾಗ ಯಾರಾದರೂ ಅತ್ತಿದ್ದು ನೋಡಿದ್ದೇವೆ? ಬಿದ್ದವನು ಬಿದ್ದ, ಮುಂದಿನವನು ಬಂದ, ಅಷ್ಟೇ ಅಲ್ವಾ. ಇಲ್ಲಿ ಪ್ರತಿ ಸಾವಿಗೂ ತೂಕ ಇದೆ. ರಾಘವ್ ಜುಯಾಲ್ ಡ್ಯಾನ್ಸ್ ಶೋಗಳಲ್ಲಿ ಹೆಸರು ಮಾಡಿದ ಹುಡುಗ. ಅವನ ಫಣಿ ಪಾತ್ರ ಹಲ್ಲು ಕಿರಿದು ಮಾತಾಡುತ್ತಲೇ ಹೆದರಿಸುತ್ತದೆ. ಹೀರೊ ಲಕ್ಷ್ಯ ಮಾತಾಡುವುದು ಕಡಿಮೆ, ಅದೇ ಸರಿ. ಆದರೆ ರಕ್ತ ನೋಡಲು ಆಗದವರು ಇದನ್ನು ಬಿಟ್ಟುಬಿಡಿ. ನನ್ನ ಹೆಂಡತಿ ಇಪ್ಪತ್ತು ನಿಮಿಷಕ್ಕೆ ಒಳಗೆ ಹೋಗಿ ಮಲಗಿದಳು.

ಸುದೀಪ್ ಹೀರೊ ಆಗಿರುವ ಕನ್ನಡದ ‘ಮ್ಯಾಕ್ಸ್’ ನಾನು ಎರಡು ಸಲ ನೋಡಿದ್ದೇನೆ. 2024ರ ಕ್ರಿಸ್‌ಮಸ್ ದಿನ ಬಿಡುಗಡೆ ಆದಾಗ ಥಿಯೇಟರಿನಲ್ಲಿ, ಈಗ ಮನೆಯಲ್ಲಿ. ಥಿಯೇಟರಿನ ಹೆಸರು ಬೇಡ, ಆದರೆ ಅವತ್ತು ಅಲ್ಲಿನ ಸೌಂಡ್ ಎಷ್ಟು ಜಾಸ್ತಿ ಇತ್ತೆಂದರೆ ಅರ್ಧ ಮಾತು ಅರ್ಥವೇ ಆಗಲಿಲ್ಲ. ಬರೀ ಢಂ ಢಂ. ಬಾಗಿಲಲ್ಲಿದ್ದ ಹುಡುಗನಿಗೆ ಹೋಗಿ ಹೇಳಿದರೆ ‘ಫ್ಯಾನ್ಸ್‌ಗೆ ಹೀಗೇ ಬೇಕು ಸಾರ್’ ಅಂದ. ನಾನೂ ಸುದೀಪ್ ಅಭಿಮಾನಿಯೇ. ನನಗೆ ಅವರ ದನಿ ಕೇಳಬೇಕಿತ್ತು. ಆ ದನಿಯ ಅರ್ಧ ಶಕ್ತಿ ಇರುವುದೇ ಅವರು ಮೆಲ್ಲಗೆ ಮಾತಾಡಿದಾಗ.

ಮನೆಯಲ್ಲಿ ನೋಡಿದಾಗ ಸಿನಿಮಾ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಯಿತು. ಸಸ್ಪೆಂಡ್ ಆಗಿದ್ದ ಇನ್ಸ್‌ಪೆಕ್ಟರ್ ಅರ್ಜುನ್ ಮಹಾಕ್ಷಯ್ ಮಾರನೇ ದಿನ ಡ್ಯೂಟಿಗೆ ಸೇರಬೇಕು. ಹಿಂದಿನ ರಾತ್ರಿಯೇ ಮಂತ್ರಿಗಳ ಮಕ್ಕಳಿಬ್ಬರನ್ನು ಹಿಡಿದು ಲಾಕಪ್ಪಿಗೆ ಹಾಕುತ್ತಾನೆ. ಆಮೇಲೆ ನೋಡಿದರೆ ಇಬ್ಬರೂ ಒಳಗೆ ಹೆಣವಾಗಿದ್ದಾರೆ. ಹೊರಗೆ ಅವರ ಕಡೆಯವರು, ಒಳಗೆ ನಡುಗುತ್ತಿರುವ ಪೇದೆಗಳು. ಬೆಳಗಾಗುವ ತನಕ ಸ್ಟೇಷನ್ನಿನ ಒಳಗೆ ಏನಾಗಿದೆ ಅಂತ ಹೊರಗೆ ತಿಳಿಯಬಾರದು.

ಮೊದಲ ಅರ್ಧದ ನಕ್ಷೆಯನ್ನು ನಾನು ಒಂದೇ ಸಲಕ್ಕೆ ಬರೆದೆ. ಲಾಕಪ್ಪು, ಅದರ ಎದುರಿನ ಜಾಗ, ಹೊರ ಬಾಗಿಲು. ಫೋನ್ ರಿಂಗ್ ಆದರೆ ಎಲ್ಲರ ತಲೆಯೂ ಆ ಕಡೆ ತಿರುಗುತ್ತದೆ. ಗೇಟಿನ ಹತ್ತಿರ ಗಾಡಿ ಬಂದರೆ ನಮ್ಮ ಉಸಿರೂ ನಿಲ್ಲುತ್ತದೆ. ಸುದೀಪ್ ಈ ಚಿತ್ರದಲ್ಲಿ ಹೊಡೆದಾಡುವುದಕ್ಕಿಂತ ಯೋಚಿಸುವಾಗ ಹೆಚ್ಚು ಇಷ್ಟವಾದರು. ಸುತ್ತ ಇರುವ ಸಿಬ್ಬಂದಿಯ ಭಯ ಕೂಡ ನಿಜ ಅನಿಸುತ್ತದೆ. ಇಳವರಸು ಅವರ ಮುಖ ನೋಡಿದರೆ ಸಾಕು. ನೌಕರಿ ಹೋದರೆ ಮನೆಯವರ ಗತಿಯೇನು ಅನ್ನುವ ಚಿಂತೆ ಅಲ್ಲೇ ಕಾಣುತ್ತದೆ.

ಎರಡನೇ ಅರ್ಧದಲ್ಲಿ ಹಿಂದಿನ ಕಥೆ ಹೇಳಲು ನಿಂತಾಗ ಆ ರಾತ್ರಿಯ ಬಿಸಿ ಆರುತ್ತದೆ. ಹೊಡೆದಾಟಗಳೂ ಸ್ಟೇಷನ್ ಬಿಟ್ಟು ದೊಡ್ಡದಾಗುತ್ತಾ ಹೋಗುತ್ತವೆ. ನನ್ನ ಪೆನ್ಸಿಲ್ ಅಲ್ಲಿಗೆ ನಿಂತಿತು. ಅಷ್ಟಾದರೂ ಇದು ದೊಡ್ಡ ಸ್ಟಾರ್ ಒಬ್ಬರು ಒಂದೇ ರಾತ್ರಿಯ ಕಥೆಗೆ ತಮ್ಮನ್ನು ಕಟ್ಟಿಕೊಂಡ ಚಿತ್ರ. ಹಾಡಿಗೆ ಫಾರಿನ್ನಿಗೆ ಹಾರಿಲ್ಲ, ನಡುವೆ ಲವ್ ಟ್ರ್ಯಾಕ್ ಇಲ್ಲ. ಇಂಥವು ಕನ್ನಡದಲ್ಲಿ ಇನ್ನೂ ಬರಬೇಕು ಅಂತ ನನಗೆ ತುಂಬಾ ಆಸೆ.

‘ಭೈರತಿ ರಣಗಲ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮಫ್ತಿ’ಗಿಂತ ಮುಂಚಿನ ಕಥೆ, ನಿರ್ದೇಶನ ಅದೇ ನರ್ತನ್. ಕಪ್ಪು ಅಂಗಿ, ಕಪ್ಪು ಪಂಚೆಯಲ್ಲಿ ಶಿವಣ್ಣ ಸುಮ್ನೆ ಕೂತು ಕಣ್ಣೆತ್ತಿ ನೋಡಿದರೆ ಅದೇ ಒಂದು ಸೀನು. ಆದರೆ ಹೊಡೆದಾಟಗಳು ಎಲ್ಲಿ ನಡೆದವು ಅಂತ ಮರುದಿನ ಕೇಳಿದರೆ ನನಗೆ ನೆನಪಿರಲಿಲ್ಲ. ಶೀಟು ಖಾಲಿಯಾಗಿಯೇ ಉಳಿಯಿತು.

‘ಮಹಾರಾಜ’ ಬೇರೆ ಥರದ ಸಮಸ್ಯೆ ಕೊಟ್ಟಿತು. ನಿತಿಲನ್ ಸ್ವಾಮಿನಾಥನ್ ನಿರ್ದೇಶನದ ತಮಿಳು ಚಿತ್ರ, ವಿಜಯ್ ಸೇತುಪತಿ ಅವರ 50ನೆಯದು. ಒಬ್ಬ ಕ್ಷೌರಿಕ ಪೊಲೀಸ್ ಸ್ಟೇಷನ್ನಿಗೆ ಬಂದು ‘ನಮ್ಮ ಲಕ್ಷ್ಮಿ ಕಳೆದುಹೋಗಿದ್ದಾಳೆ’ ಅಂತ ದೂರು ಕೊಡುತ್ತಾನೆ. ಲಕ್ಷ್ಮಿ ಅಂದರೆ ಅವನ ಮನೆಯ ಕಸದ ಡಬ್ಬಿ. ಪೊಲೀಸರು ನಗುತ್ತಾರೆ, ಬೈಯುತ್ತಾರೆ, ಹೊಡೆಯುತ್ತಾರೆ. ಅವನು ಮಾತ್ರ ಅಲ್ಲಿಂದ ಕದಲುವುದಿಲ್ಲ. ಮೊದಲು ನಾನೂ ನಕ್ಕೆ. ಕೊನೆಗೆ ಆ ಡಬ್ಬಿ ನೆನೆದರೆ ಗಂಟಲು ಕಟ್ಟಿತು.

ಇದರ ನಕ್ಷೆ ಬರೆಯಲು ಹೋಗಿ ಎರಡು ಸಲ ಅಳಿಸಿದೆ. ಜಾಗ ಸರಿ ಇತ್ತು, ಕಾಲ ತಪ್ಪಿತ್ತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನಿರ್ದೇಶಕರು ಕೊನೆಯವರೆಗೆ ಮುಚ್ಚಿಟ್ಟಿದ್ದಾರೆ. ಒಂದು ಮನೆಯ ಪ್ಲ್ಯಾನನ್ನೂ ಇನ್ನೊಂದು ಮನೆಯ ಸೆಕ್ಷನ್ನನ್ನೂ, ಅಂದರೆ ಮನೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ ಕಾಣುವ ನಕ್ಷೆಯನ್ನೂ, ಒಟ್ಟಿಗೆ ಕೈಗೆ ಕೊಟ್ಟ ಹಾಗೆ. ಎರಡೂ ಒಂದೇ ಮನೆಯದು ಅಂತ ತಿಳಿದ ಕ್ಷಣ ಮೈ ಜುಮ್ಮೆಂದಿತು. ಸಂಗೀತ ನಮ್ಮ ಭದ್ರಾವತಿಯ ಅಜನೀಶ್ ಲೋಕನಾಥ್ ಅವರದು. ‘ಮ್ಯಾಕ್ಸ್’ಗೂ ಅವರೇ. ಅಲ್ಲಿ ಅಬ್ಬರ, ಇಲ್ಲಿ ತಡೆದು ಹಿಡಿದ ದುಃಖ. ಆದರೆ ಕಥೆಯ ನಡುವೆ ಇರುವ ಕ್ರೌರ್ಯ ಬಹಳ ಕಷ್ಟದ್ದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ.

ಇನ್ನು ‘ಕಿಷ್ಕಿಂಧಾ ಕಾಂಡಂ’. ಮಲಯಾಳಂ ಚಿತ್ರ, ದಿಂಜಿತ್ ಅಯ್ಯತಾನ್ ನಿರ್ದೇಶನ. ಬರೆದವರು ಬಾಹುಲ್ ರಮೇಶ್, ಕ್ಯಾಮೆರಾ ಹಿಡಿದವರೂ ಅವರೇ. ಇದರಲ್ಲಿ ಹೊಡೆದಾಟ ಇಲ್ಲವೇ ಇಲ್ಲ. ಆದರೂ ನಾಲ್ಕೂ ಸಿನಿಮಾಗಳಿಗಿಂತ ಹೆಚ್ಚು ಹೊತ್ತು ತಲೆಯಲ್ಲಿ ಉಳಿದದ್ದು ಇದೇ.

ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಮನೆ. ಸುತ್ತ ಮಂಗಗಳು. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವ ಮಗ, ಸೈನ್ಯದಿಂದ ನಿವೃತ್ತರಾದ ಅಪ್ಪ, ಹೊಸದಾಗಿ ಬಂದ ಸೊಸೆ. ಚುನಾವಣೆ ಬಂದಿದೆ, ಲೈಸೆನ್ಸ್ ಇರುವ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಅಪ್ಪನ ಬಂದೂಕು ಕಾಣುತ್ತಿಲ್ಲ.

ಇಷ್ಟು ಕೇಳಿದರೆ ಮಲೆನಾಡಿನವರಿಗೆ ಬೇರೇನೂ ವಿವರಿಸಬೇಕಾಗಿಲ್ಲ. ನನ್ನ ಅಜ್ಜನ ಮನೆ ಹೊಸನಗರದ ಕಡೆ. ಅವರ ಹತ್ತಿರ ಒಂದು ಕೋವಿ ಇತ್ತು, ಬೆಳೆ ಕಾಯಲು. ಚುನಾವಣೆ ಘೋಷಣೆ ಆದ ಕೂಡಲೇ ಅಜ್ಜ ಅದನ್ನು ಹಳೆ ಪಂಚೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಬಸ್ಸಿನಲ್ಲಿ ಸ್ಟೇಷನ್ನಿಗೆ ಒಯ್ಯುತ್ತಿದ್ದರು. ಸ್ಟೇಷನ್ನಿನವರು ಕೊಟ್ಟ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ನಶ್ಯದ ಡಬ್ಬಿಯಲ್ಲಿ ಇಡುತ್ತಿದ್ದರು. ಕೋವಿ ವಾಪಸ್ ಬರುವ ತನಕ ದಿನಕ್ಕೊಮ್ಮೆ ಆ ಡಬ್ಬಿ ತೆಗೆದು ರಸೀದಿ ಇದೆಯಾ ಅಂತ ನೋಡುತ್ತಿದ್ದರು. ಕೋವಿ ಕಳೆದುಹೋದರೆ ಏನು ಗತಿ ಅನ್ನುವ ಹೆದರಿಕೆ ನಾನು ಆ ಬೆರಳುಗಳಲ್ಲಿ ನೋಡಿದ್ದೇನೆ. ಹಾಗಾಗಿ ಅಪ್ಪನ ಪಾತ್ರ, ವಿಜಯರಾಘವನ್ ಅವರ ಅಪ್ಪು ಪಿಳ್ಳೆ ಗದರಿಸುವುದು, ಕೋಣೆಗೆ ಯಾರನ್ನೂ ಬಿಡದಿರುವುದು, ಎಲ್ಲವೂ ನನಗೆ ತುಂಬಾ ಹತ್ತಿರದ್ದಾಗಿ ಕಂಡಿತು. ಮಗನಾಗಿರುವ ಆಸಿಫ್ ಅಲಿ ಕಣ್ಣಲ್ಲಿ ಒಂದು ದಣಿವು ಇದೆ. ಅದು ಯಾಕೆ ಅಂತ ತಿಳಿದಮೇಲೆ ಮತ್ತೆ ಮೊದಲಿನಿಂದ ನೋಡಬೇಕು ಅನಿಸುತ್ತದೆ. ಅಪರ್ಣಾ ಬಾಲಮುರಳಿ ಪಾತ್ರ ನಮ್ಮ ಹಾಗೇ ಆ ಮನೆಗೆ ಹೊಸಬಳು. ಅವಳು ಯಾವ ಬಾಗಿಲು ತೆರೆದಳೋ ನಾವೂ ಅದೇ ಬಾಗಿಲಿನಿಂದ ಒಳಗೆ ಹೋಗುತ್ತೇವೆ.

ಆ ಮನೆಯ ನಕ್ಷೆ ನಾನು ಬರೆದದ್ದರಲ್ಲೇ ಒಳ್ಳೆಯದು. ಅಜ್ಜನ ಮನೆಯ ಜಗಲಿ ಅದರೊಳಗೆ ಸೇರಿಕೊಂಡಿದೆ ಅನ್ನುವುದು ಮಾರನೇ ದಿನ ಗೊತ್ತಾಯಿತು.

ಕೊನೆಗೆ ‘ಶಾಖಾಹಾರಿ’. ಸಂದೀಪ್ ಸುಂಕದ್ ನಿರ್ದೇಶನ, 2024ರ ಫೆಬ್ರವರಿಯಲ್ಲಿ ಬಂತು. ಥಿಯೇಟರಿನಲ್ಲಿ ನೋಡದೇ ಹೋದೆ ಅಂತ ನನಗೆ ನಿಜವಾಗಿಯೂ ಬೇಸರ ಇದೆ. ಮಲೆನಾಡಿನ ಒಂದು ಸಣ್ಣ ಊರು. ಅಲ್ಲಿ ಸುಬ್ಬಣ್ಣನ ಸಸ್ಯಾಹಾರಿ ಹೋಟೆಲ್. ವಯಸ್ಸು ಮೀರಿದ ಒಂಟಿ ಮನುಷ್ಯ, ಅಡುಗೆ ಬಿಟ್ಟರೆ ಬೇರೆ ಲೋಕವಿಲ್ಲ. ಪೊಲೀಸರಿಂದ ತಪ್ಪಿಸಿಕೊಂಡ ಕೊಲೆ ಆರೋಪಿಯೊಬ್ಬ ಒಂದು ದಿನ ಆ ಹೋಟೆಲಿಗೆ ಬಂದು ಸೇರುತ್ತಾನೆ. ಸುಬ್ಬಣ್ಣನಿಗೆ ಕನಿಕರ ಬರುತ್ತದೆ. ಅಲ್ಲಿಂದ ಶುರು.

ಬಚ್ಚಿಡಲು ಹೋಟೆಲಿಗಿಂತ ಕೆಟ್ಟ ಜಾಗ ಇದೆಯಾ? ಬೆಳಗ್ಗೆ ಬಾಗಿಲು ತೆರೆಯಲೇಬೇಕು. ಯಾರು ಬೇಕಾದರೂ ಬರಬಹುದು, ಯಾರನ್ನೂ ಬೇಡ ಅನ್ನುವ ಹಾಗಿಲ್ಲ. ಒಂದು ದಿನ ಮುಚ್ಚಿದರೆ ಊರಿಗೆಲ್ಲ ಪ್ರಶ್ನೆ. ಈ ಚಿತ್ರದ ಭಯ ಹುಟ್ಟುವುದೇ ಅಲ್ಲಿ. ಬಂದೂಕಿಗಿಂತ ‘ಸುಬ್ಬಣ್ಣ, ಏನಿದೆ ಇವತ್ತು?’ ಅಂತ ಒಳಗೆ ಬರುವ ಗಿರಾಕಿ ಜಾಸ್ತಿ ಹೆದರಿಸುತ್ತಾನೆ.

ರಂಗಾಯಣ ರಘು ಅವರನ್ನು ಇಷ್ಟು ವರ್ಷ ನಾವು ಜೋರು ದನಿಯಲ್ಲಿ, ನಗಿಸುವ ಪಾತ್ರಗಳಲ್ಲಿ ನೋಡಿದ್ದೇ ಹೆಚ್ಚು. ಇಲ್ಲಿ ಅವರು ದನಿ ತಗ್ಗಿಸಿದ್ದಾರೆ. ಬೆನ್ನು ಸ್ವಲ್ಪ ಬಾಗಿದೆ, ನೋಟ ಕೆಳಗಿದೆ. ಒಳ್ಳೆಯವನು ಒಂದು ತಪ್ಪು ಮುಚ್ಚಲು ಇನ್ನೊಂದಕ್ಕೆ ಕೈ ಹಾಕುವಾಗ ಆ ಮುಖದಲ್ಲಿ ಏನಾಗುತ್ತದೆ ಅನ್ನುವುದನ್ನು ಒಂದು ಮಾತೂ ಇಲ್ಲದೆ ತೋರಿಸಿದ್ದಾರೆ. ನಾನು ಈ ಸಾಲಿನಲ್ಲಿ ನೋಡಿದ ಅತಿ ಒಳ್ಳೆಯ ನಟನೆ ಇದು. ಪೊಲೀಸ್ ಪಾತ್ರದ ಗೋಪಾಲಕೃಷ್ಣ ದೇಶಪಾಂಡೆ ಕೂಡ ಅಷ್ಟೇ ಗಟ್ಟಿ. ಅವಸರ ಇಲ್ಲ, ಆರ್ಭಟ ಇಲ್ಲ. ಅವರು ಬಂದು ನಿಂತರೆ ನಮಗೇ ಬೆವರು ಬರುತ್ತದೆ. ಕಥೆ ನಡುವೆ ಒಂದಷ್ಟು ಹೊತ್ತು ನಿಧಾನ ಆಗುತ್ತದೆ, ಅದು ನಿಜ. ಆದರೆ ಆ ಊರಿನ ಮಳೆ, ತಂಪು, ಕತ್ತಲು ಎಲ್ಲ ನಮ್ಮದೇ ಅಂತ ಅನಿಸುವಾಗ ನಿಧಾನ ನನಗೆ ಭಾರವಾಗಲಿಲ್ಲ.

ನನ್ನ ಸೋದರಮಾವ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಈಗ ಮುಚ್ಚಿದ್ದಾರೆ. ಅವರನ್ನು ಕರೆಸಿಕೊಂಡು ಈ ಸಿನಿಮಾ ಎರಡನೇ ಸಲ ನೋಡಿದೆ. ಮಾವ ಸಿನಿಮಾ ನೋಡುವಾಗಲೂ ಮಾತಾಡುವವರು. ಅವತ್ತು ಮಾತೇ ಆಡಲಿಲ್ಲ. ಮುಗಿದ ಮೇಲೆ ನಾನು ಬರೆದ ನಕ್ಷೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಅಡುಗೆಮನೆಯ ಹಿಂಬಾಗಿಲ ಪಕ್ಕ ಒಂದು ಸಣ್ಣ ಚೌಕ ಬರೆದರು.

‘ಇಲ್ಲಿ ಒಂದು ಸ್ಟೂಲ್ ಹಾಕು’ ಅಂದರು. ‘ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿ ಎಲ್ಲ ಹೋದಮೇಲೆ, ಹೋಟೆಲಿನವನು ಕೂರುವುದು ಅಲ್ಲಿ.’