ಎನ್‌ಜೆಪಿ ಸ್ಟೇಷನ್ನಿನಲ್ಲಿ ಯಾರಾದರೂ ‘ರೋಡ್ ಬಂದ್ ಹೈ’ ಅಂದರೆ

ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹೊರಟವರು ಇದನ್ನೊಮ್ಮೆ ಓದಿಕೊಂಡು ಹೋಗಿ. 22 ಸಾವಿರ ರೂಪಾಯಿ ಕಳೆದುಕೊಂಡು ಬಂದವನ ಮಾತು ಇದು. ಬೆಂಗಳೂರಿನಲ್ಲಿ 14 ವರ್ಷದಿಂದ ಇದ್ದೇನೆ, ಆಟೋದವರ ಹತ್ತಿರ ದಿನಾ ಗುದ್ದಾಡುತ್ತೇನೆ, ನನಗೆ ಯಾರು ಟೋಪಿ ಹಾಕುತ್ತಾರೆ ಅನ್ನುವ ಧಿಮಾಕಿತ್ತು. ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಅದು ಇಳಿಯೋದಕ್ಕೆ ಮುಕ್ಕಾಲು ಗಂಟೆ ಸಾಕಾಯಿತು.

ಜೊತೆಗೆ ಅಪ್ಪ, ಅಮ್ಮ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಇಬ್ಬರಿಗೂ ಅರವತ್ತು ದಾಟಿದೆ. ವಿಮಾನ ಬೇಡ, ದೇಶ ನೋಡಿಕೊಂಡು ಹೋಗೋಣ ಅಂತ ಅಪ್ಪನ ಹಟ. ಗುವಾಹಟಿ ರೈಲಿನಲ್ಲಿ ಎರಡು ರಾತ್ರಿ ಕಳೆದು, ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ನ್ಯೂ ಜಲ್‌ಪಾಯ್‌ಗುಡಿಯಲ್ಲಿ ಇಳಿದೆವು. ಹೆಸರು ಹಾಗಿದ್ದರೂ ಅದು ಸಿಲಿಗುರಿಯ ಸ್ಟೇಷನ್ನೇ. ಜಲ್‌ಪಾಯ್‌ಗುಡಿ ಊರು ಬೇರೆ ಇದೆ. ಎಲ್ಲರೂ ಎನ್‌ಜೆಪಿ ಅಂತಲೇ ಕರೆಯೋದು.

ಪ್ರೀಪೇಯ್ಡ್ ಟ್ಯಾಕ್ಸಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಐದಾರು ಜನ. ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಆಗ ಒಬ್ಬ ಬಂದ. ದಲ್ಲಾಳಿ ಅನ್ನಿಸುವ ಹಾಗೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಶರಟು, ಕುತ್ತಿಗೆಗೊಂದು ಐಡಿ ಕಾರ್ಡು. ‘ಗ್ಯಾಂಗ್‌ಟಾಕಾ? ಎನ್‌ಎಚ್ 10 ಬಂದ್ ಹೈ, ರಾತ್ರಿ ಗುಡ್ಡ ಕುಸಿದಿದೆ’ ಅಂದ. ಎನ್‌ಎಚ್ 10 ಅಂದರೆ ಸಿಲಿಗುರಿಯಿಂದ ಸಿಕ್ಕಿಂ ರಾಜಧಾನಿ ಗ್ಯಾಂಗ್‌ಟಾಕಿಗೆ ಹೋಗುವ ಮುಖ್ಯ ಹೆದ್ದಾರಿ. ಕೇಳುವ ಮೊದಲೇ ಫೋನಿನಲ್ಲಿ ವಿಡಿಯೋ ತೋರಿಸಿದ. ಕೆಂಪಗೆ ಉಕ್ಕುವ ತೀಸ್ತಾ ನದಿ, ಕಿಟಕಿಯವರೆಗೂ ಮುಳುಗಿದ ಮನೆಗಳು, ಟೀಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿ ಬೀಳುವ ರಸ್ತೆಯ ಅಂಚು.

ವಿಡಿಯೋ ಸುಳ್ಳಲ್ಲ, ನಿಜವಾದದ್ದೇ. 2023ರ ಅಕ್ಟೋಬರ್ 4ರಂದು ದಕ್ಷಿಣ ಲೋನಾಕ್ ಹಿಮಸರೋವರ ಒಡೆದು, ಚುಂಗ್‌ಥಾಂಗ್ ಅಣೆಕಟ್ಟು ಕೊಚ್ಚಿಕೊಂಡು ಹೋದಾಗ ತೆಗೆದದ್ದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನವೆಂಬರಿನಲ್ಲಿ ಹೊಳೆಗೆ ಅಷ್ಟು ನೀರು ಎಲ್ಲಿಂದ ಬರುತ್ತದೆ ಅಂತ ಮಲೆನಾಡಿನವರಾದ ನಾವು ಮೂವರಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ಆ ರಸ್ತೆ ಬಂದ್ ಆಗುವುದೂ ನಿಜ. ಸೇವೋಕ್ ದಾಟಿದ ಮೇಲೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತೀಸ್ತಾ. ಮಳೆಗಾಲದಲ್ಲಿ ಪದೇ ಪದೇ ಕುಸಿಯುತ್ತದೆ. ಹೊರಡುವ ಮೊದಲು ನಾನೇ ನ್ಯೂಸಿನಲ್ಲಿ ಓದಿದ್ದೆ. ನಿಜ ಸುದ್ದಿಯ ಹಿಟ್ಟಿನಲ್ಲೇ ಸುಳ್ಳಿನ ರೊಟ್ಟಿ ತಟ್ಟಿ ಕೊಟ್ಟರೆ ಗುರುತಿಸುವುದು ಹೇಗೆ?

ಟೋಟೋದಲ್ಲಿ (ಬ್ಯಾಟರಿ ರಿಕ್ಷಾಕ್ಕೆ ಅಲ್ಲಿ ಹಾಗನ್ನುತ್ತಾರೆ) ಕೂರಿಸಿ ಹಿಲ್ ಕಾರ್ಟ್ ರೋಡಿನ ಒಂದು ಓಣಿಗೆ ಕರೆದುಕೊಂಡು ಹೋದ. ಮೊದಲ ಮಹಡಿಯಲ್ಲಿ ಆಫೀಸು. ಗೋಡೆಗೆ ಕಾಂಚನ್‌ಜುಂಗಾ ಪೋಸ್ಟರು, ಮೇಜಿನ ಮೇಲೆ ಮೂರು ಕಪ್ ಬಿಸಿ ಟೀ. ಒಳ್ಳೆಯ ಟೀ, ಅದನ್ನು ಒಪ್ಪಿಕೊಳ್ಳಬೇಕು. ಲಾವಾ ಅನ್ನುವ ಊರಿನ ಮೇಲೆ ಸುತ್ತಿಕೊಂಡು ಹೋಗುವ ಕಾರು, ಗ್ಯಾಂಗ್‌ಟಾಕಿನಲ್ಲಿ ಮೂರು ರಾತ್ರಿ ಹೋಟೆಲ್, ಸೋಮವಾರ ಊರು ಸುತ್ತಾಟ, ಮಂಗಳವಾರ ನಾಥೂಲಾ (ಚೀನಾ ಗಡಿಯ ಕಣಿವೆ ದಾರಿ), ಪರ್ಮಿಟ್ ಅವರದೇ, ಮೂರೂ ದಿನ ಅದೇ ಕಾರು. ಒಟ್ಟು 36 ಸಾವಿರ, ಮುಂಗಡ 22. ಯುಪಿಐ ಮಾಡುವಾಗ ಪರದೆ ಮೇಲೆ ಬಂದದ್ದು ಬೋರ್ಡಿನಲ್ಲಿದ್ದ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಕೇಳಿದೆ. ‘ಮಾಲೀಕರ ತಮ್ಮ’ ಅಂದರು. ಪಿನ್ ಒತ್ತಿದೆ.

ಕಾರು ಬರುವವರೆಗೆ ಅಪ್ಪ ಕೆಳಗಿಳಿದು ಪಾನ್ ಅಂಗಡಿಗೆ ಹೋದರು. ಭೂತಾನಿನ ಹಸಿ ಅಡಿಕೆಯನ್ನು ವರ್ಷಕ್ಕೆ 17,000 ಟನ್ ತರಿಸಿಕೊಳ್ಳಲು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿದಾಗ ನಮ್ಮ ಕಡೆ ಎಷ್ಟು ಗದ್ದಲ ಎದ್ದಿತ್ತು ಅಂತ ಅಡಿಕೆಯವರಿಗೆ ನೆನಪಿರಬಹುದು. ಅದು ಒಳಗೆ ಬರುವ ಜೈಗಾಂವ್ ಗಡಿ ಈ ಭಾಗದಲ್ಲೇ ಇದೆ. ಶತ್ರುವಿನ ಅಡಿಕೆ ಹೇಗಿದೆ ನೋಡೋಣ ಅಂತ ಒಂದು ಹಸಿ ಹೋಳು ಹಾಕಿಸಿಕೊಂಡು ಬಾಯಿಗಿಟ್ಟರು. ಎರಡೇ ನಿಮಿಷ, ಹಣೆ ತುಂಬಾ ಬೆವರು, ಅಂಗಡಿಯವನ ಸ್ಟೂಲಿನ ಮೇಲೆ ಕೂತುಬಿಟ್ಟರು. ಐವತ್ತು ವರ್ಷ ಎಲೆಅಡಿಕೆ ಹಾಕಿದವರು! ಆ ಗಡಿಬಿಡಿಯಲ್ಲಿ ರಸೀದಿ ಸರಿಯಾಗಿ ನೋಡಲಿಲ್ಲ. ಅದರಲ್ಲಿ ಜಿಎಸ್‌ಟಿ ನಂಬರೇ ಇರಲಿಲ್ಲ.

ಗೋರುಬಥಾನ್, ಲಾವಾ, ಕಾಲಿಂಪಾಂಗ್ ಅಂತ ಸುತ್ತು ಹೊಡೆದೆವು. ದಾರಿ ಚೆಂದ ಇದೆ, ತಿರುವುಗಳು ಆಗುಂಬೆ ಘಾಟಿಯನ್ನು ನಾಲ್ಕು ಸಲ ಹತ್ತಿಳಿದ ಹಾಗೆ. ಅಮ್ಮ ಮೂರು ಸಲ ವಾಂತಿ ಮಾಡಿದರು. ಲಾವಾದಲ್ಲಿ ಟೀಗೆ ನಿಂತಾಗ ನೆಟ್‌ವರ್ಕ್ ಸಿಕ್ಕಿತು. ರೈಲಿನಲ್ಲಿ ಪರಿಚಯ ಆಗಿದ್ದ ತುಮಕೂರಿನ ಹುಡುಗರು ಗ್ಯಾಂಗ್‌ಟಾಕಿನ ಎಂಜಿ ಮಾರ್ಗ್‌ನಲ್ಲಿ ಮೊಮೊ ತಿನ್ನುವ ಫೋಟೋ ಕಳಿಸಿದ್ದರು. ಶೇರ್ ಜೀಪಿಗೆ ತಲಾ 400 ಕೊಟ್ಟು, ಎನ್‌ಎಚ್ 10ರಲ್ಲೇ, ನಾಲ್ಕೂವರೆ ಗಂಟೆಯಲ್ಲಿ ತಲುಪಿದ್ದರು. ಡ್ರೈವರ್ ಮುಖ ನೋಡಿದೆ. ಅವನು ಗಾಜು ಒರೆಸುತ್ತಿದ್ದ.

ರಾತ್ರಿ ಎಂಟಕ್ಕೆ ಗ್ಯಾಂಗ್‌ಟಾಕಿನ ದೇವ್‌ರಾಲಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇಳಿಸಿ, ಇಲ್ಲಿಂದ ಮುಂದೆ ಈ ಗಾಡಿ ಹೋಗಲ್ಲ ಅಂದ. ಬಂಗಾಳದ ನಂಬರಿನ ಟ್ಯಾಕ್ಸಿಗಳು ಗ್ಯಾಂಗ್‌ಟಾಕಿನಲ್ಲಿ ಪ್ರವಾಸಿಗರನ್ನು ಸುತ್ತಿಸುವಂತಿಲ್ಲ. ಅದಕ್ಕೆ ಎಸ್‌ಕೆ ನಂಬರಿನ ಸಿಕ್ಕಿಂ ಗಾಡಿಯೇ ಬೇಕು. ಮೂರೂ ದಿನ ಅದೇ ಕಾರು ಅಂತ ಯಾರಾದರೂ ಹೇಳಿದರೆ ಮೊದಲು ನಂಬರ್ ಪ್ಲೇಟ್ ನೋಡಿ.

ಹೋಟೆಲಿನವರಿಗೆ ಸಂದಾಯವಾಗಿದ್ದು ಒಂದೇ ರಾತ್ರಿಯ ಹಣ. ರಿಸೆಪ್ಷನ್ ಹುಡುಗಿಗೆ ನಮ್ಮ ಚೀಟಿ ತೋರಿಸಿದೆ. ‘ಮಂಗಳವಾರ ನಾಥೂಲಾ?’ ಅಂತ ಎರಡು ಸಲ ಓದಿದಳು. ಪಾಪ, ನಗು ತಡೆದುಕೊಂಡಳು. ಸೋಮವಾರ, ಮಂಗಳವಾರ ನಾಥೂಲಾ ಪ್ರವಾಸಿಗರಿಗೆ ಬಂದ್. ಬೇರೆ ದಿನವೂ ಪರ್ಮಿಟ್ ಗ್ಯಾಂಗ್‌ಟಾಕಿನಲ್ಲಿ, ನೋಂದಾಯಿತ ಏಜೆಂಟರ ಮೂಲಕ, ಫೋಟೋ ಮತ್ತು ಗುರುತಿನ ಚೀಟಿ ಕೊಟ್ಟು, ಹಿಂದಿನ ದಿನವೇ ಮಾಡಿಸಬೇಕು. ಸಿಲಿಗುರಿಯ ಓಣಿಯಲ್ಲಿ ಕೊಡುವ ವಸ್ತು ಅಲ್ಲ ಅದು. ನಾವು ಭಾನುವಾರ ಬಂದು ಬುಧವಾರ ಹೊರಡುವವರು ಅಂತ ತಿಳಿದ ಕ್ಷಣವೇ ಆ ಐಡಿ ಕಾರ್ಡಿನವನಿಗೆ ಲೆಕ್ಕ ಸಿಕ್ಕಿರಬೇಕು. ಸೋಮವಾರ ಮಧ್ಯಾಹ್ನಕ್ಕೆ ಅವನ ಫೋನ್ ಸ್ವಿಚ್ ಆಫ್.

ಬೇಜಾರಿಗಿಂತ ಹೆಚ್ಚಾಗಿ ಕಾಡಿದ್ದು ಅವರ ಧೈರ್ಯ. ಯೋಚಿಸಿದರೆ ಸರಳ. ಸಿಲಿಗುರಿ ಇರುವುದೇ ನೇಪಾಳ ಮತ್ತು ಬಾಂಗ್ಲಾದೇಶದ ನಡುವಿನ, ಅಗಲ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಇಳಿಯುವ ಪಟ್ಟಿಯಲ್ಲಿ. ಈಶಾನ್ಯಕ್ಕೆ, ಸಿಕ್ಕಿಂಗೆ, ಭೂತಾನಿಗೆ ಹೋಗುವ ಲಾರಿ, ಸೈನ್ಯದ ಗಾಡಿ, ಚಹಾ ಪೆಟ್ಟಿಗೆ, ಪ್ರವಾಸಿ ಎಲ್ಲ ಅಲ್ಲಿಂದಲೇ ಹಾಯಬೇಕು. ಆದರೆ ನಮ್ಮಂಥವರು ಅಲ್ಲಿ ತಂಗುವುದಿಲ್ಲ. ಜಗಳಕ್ಕೆ ಅಂತ ಇಡೀ ದಿನ ಕಳೆಯುವ ಪ್ರವಾಸಿ ಅವರಿಗೆ ವರ್ಷಕ್ಕೆ ಒಬ್ಬ ಸಿಕ್ಕರೆ ಹೆಚ್ಚು.

ನಾನು ಆ ದಿನ ಕಳೆದೆ. ಬುಧವಾರ ಎಸ್‌ಕೆ ನಂಬರಿನ ಶೇರ್ ಜೀಪಿನಲ್ಲಿ ಎನ್‌ಎಚ್ 10ರಲ್ಲೇ ಇಳಿದು ಬಂದೆವು. ತೀಸ್ತಾ ಹಸಿರಾಗಿ, ತಣ್ಣಗೆ ಹರಿಯುತ್ತಿತ್ತು. ಆ ಆಫೀಸಿನ ಬಾಗಿಲಿಗೆ ಬೀಗ. ಕೆಳಗಿನ ಮೊಬೈಲ್ ಅಂಗಡಿಯವರು ‘ತಿಂಗಳ ಬಾಡಿಗೆಯವರು, ಹೋದರು’ ಅಂದರು. ಪೊಲೀಸ್ ದೂರು ಕೊಟ್ಟೆ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆ. ಹಣ ಹೋದ ದಿನವೇ ಮಾಡಬೇಕಿತ್ತು ಅಂದರು, ಸರಿಯಾದ ಮಾತೇ.

ಸಿಲಿಗುರಿ ಅಂದರೆ ಕಳ್ಳರ ಊರು ಅಂತ ಬರೆಯುತ್ತಿಲ್ಲ. ಅಪ್ಪನಿಗೆ ನೀರು ಕೊಟ್ಟು ಬೆನ್ನು ತಟ್ಟಿದ ಪಾನ್ ಅಂಗಡಿಯವನೂ ಅಲ್ಲಿಯವನೇ. ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ. ಆದರೆ ಎನ್‌ಜೆಪಿಯಲ್ಲಿ ಇಳಿದಾಗ ಸಾಲು ಬಿಡಬೇಡಿ. ಇಲ್ಲವೇ ಸೀದಾ ಹಿಲ್ ಕಾರ್ಟ್ ರೋಡಿನ ಸಿಕ್ಕಿಂ ಸರ್ಕಾರಿ ಬಸ್ ನಿಲ್ದಾಣ, ಎಸ್‌ಎನ್‌ಟಿ ಅಂದರೆ ಯಾವ ಟೋಟೋದವನಿಗೂ ಗೊತ್ತು, ಅಲ್ಲಿಗೆ ಹೋಗಿ. ಆಸುಪಾಸಿನಲ್ಲೇ ಶೇರ್ ಜೀಪುಗಳೂ ಸಿಗುತ್ತವೆ. ರಸ್ತೆ ಬಂದ್ ಅಂದರೆ ಗ್ಯಾಂಗ್‌ಟಾಕಿನ ನಿಮ್ಮ ಹೋಟೆಲಿಗೆ ಫೋನ್ ಮಾಡಿ ಕೇಳಿ. ಇವತ್ತು ಬೆಳಿಗ್ಗೆ ಕೆಳಗಿಂದ ಯಾರಾದರೂ ಬಂದರಾ ಅಂತ. ಅಷ್ಟಕ್ಕೆ ಅರ್ಧ ನಿಮಿಷ ಸಾಕಿತ್ತು ನನಗೆ.

ರಸೀದಿ, ಯುಪಿಐ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇವೆ. ಇದೇ ಥರ ಆಗಿದ್ದವರು ಇದ್ದರೆ ತಿಳಿಸಿ, ದೂರಿಗೆ ಸೇರಿಸೋಣ.